ಗಾಳಿಯಲ್ಲಿರುವ ವಿಮಾನಕ್ಕೆ ನೆಲದ ಗಡಿಯಾರ

(ಸಂಘದ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಸದಸ್ಯರೊಬ್ಬರು ಮಾಡಿದ ಭಾಷಣ)



ಈ ಸಲದ ಕೂಟದಲ್ಲಿ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಹೇಳಿದಾಗ ನಾನು ಹಿಂಜರಿದೆ. ಸಾಹಿತ್ಯ ನನಗೆ ತಿಳಿಯದು. ವೇದಾಂತ ಮೊದಲೇ ತಿಳಿಯದು. ವಾರದಲ್ಲಿ ಆರು ದಿನ ಲೆಕ್ಕದ ಪುಸ್ತಕ ಬರೆಯುವ ಗುಮಾಸ್ತ ನಾನು. ಏಳನೆಯ ದಿನ ಬೆಳಗ್ಗೆ ಮೂವರು ಗೆಳೆಯರ ಜೊತೆಗೆ ಲೋಕಲ್ ಹಿಡಿದು ಬದಲಾಪುರದ ಆಚೆಯ ಬಯಲಿಗೆ ಹೋಗಿ, ರೇಡಿಯೋ ಮೂಲಕ ನಡೆಸುವ ಮಾದರಿ ವಿಮಾನ ಹಾರಿಸುತ್ತೇನೆ. ಹೀಗೆಂದಾಗ ಕಾರ್ಯದರ್ಶಿಗಳು, “ಹಾಗಾದರೆ ಅದನ್ನೇ ಹೇಳಿ” ಎಂದರು. ಆದುದರಿಂದ ಆ ಹವ್ಯಾಸದಲ್ಲಿ ಒಂದೇ ಒಂದು ವಿಷಯವನ್ನು ಆರಿಸಿಕೊಂಡು ಬಂದಿದ್ದೇನೆ: ಹಾರಾಟಕ್ಕೆ ವೇಳೆ ಗೊತ್ತುಮಾಡುವುದು ಹೇಗೆ?

ಇದೇನು ಮಹಾ ವಿಷಯ ಎಂದು ತಾವು ಕೇಳಬಹುದು. ನಾನೂ ಹಾಗೆಯೇ ತಿಳಿದಿದ್ದೆ. ಆ ತಿಳಿವಳಿಕೆ ಕಳೆದುಹೋದ ದಿನದ ಕತೆಯನ್ನು ಮೊದಲು ಹೇಳಿಬಿಡುತ್ತೇನೆ.

ನಾಲ್ವರೂ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಹಣ ಕೂಡಿಸಿ ಕೊಂಡ ವಿಮಾನ ನಮ್ಮದು. ವಿದ್ಯುತ್ ಮೋಟಾರಿನದು, ತೂಕ ಒಂದು ಕಿಲೋಗಿಂತ ತುಸು ಹೆಚ್ಚು. ಆ ದಿನ ಹಾರಿಸುತ್ತಿದ್ದವನು ನಾನು. ಕೈಗಡಿಯಾರ ನೋಡುತ್ತ ಪಕ್ಕದಲ್ಲಿ ನಿಂತವನು ವಿಜಯಪುರದ ಕಡೆಯ ಗೆಳೆಯ. “ಅಣ್ಣಾರ, ಐದು ನಿಮಿಷ ಆತ್ರಿ, ಇಳಸ್ರಿ” ಎಂದ. ವಿಮಾನ ಸೊಗಸಾಗಿ ಹಾರುತ್ತಿತ್ತು. “ತಡಿ ಮಾರಾಯ, ಇನ್ನೊಂದೇ ಸುತ್ತು” ಎಂದೆ. ಒಂದು ಸುತ್ತು ಎರಡಾಯಿತು, ಎರಡು ನಾಲ್ಕಾಯಿತು. ವಿಮಾನ ಗಾಳಿ ಬೀಸುವ ದಿಕ್ಕಿಗೆ ದೂರ ಹೋಗಿ, ಸಾಕಷ್ಟು ತಗ್ಗಿನಲ್ಲಿದ್ದಾಗ ಮೋಟಾರು ನಿಂತಿತು. ಎದುರುಗಾಳಿಯಲ್ಲಿ ತೇಲಿಕೊಂಡು ನಮ್ಮ ಬಳಿಗೆ ಬರುವಷ್ಟು ಎತ್ತರ ಅದಕ್ಕಿರಲಿಲ್ಲ. ಬಯಲಿನ ಅಂಚನ್ನು ದಾಟಿ ಮೂತಿ ಕೆಳಗಾಗಿ ಬಿತ್ತು. ಓಡಿಹೋಗಿ ನೋಡಿದರೆ, ಬಿದ್ದ ಜಾಗದಿಂದ ನಾಲ್ಕು ಹೆಜ್ಜೆಯಾಚೆ ಕ್ರಿಕೆಟ್ ಚೆಂಡು ಹುಡುಕಲು ಬಂದ ಒಬ್ಬ ಹುಡುಗ ನಿಂತಿದ್ದ. ಅವನು ನಗುತ್ತಿದ್ದ. ನನ್ನ ಕೈಕಾಲು ನಡುಗುತ್ತಿದ್ದವು.

ವಿಮಾನದ ಮುರುಕನ್ನು ಅಂಟು ಹಚ್ಚಿ ಸರಿಪಡಿಸಿದೆವು. ಆದರೆ ಆ ನಾಲ್ಕು ಹೆಜ್ಜೆ ನನ್ನ ಮನಸ್ಸಿನಿಂದ ಹೋಗಿಲ್ಲ. ಅಂದಿನಿಂದ ವೇಳೆಯ ವಿಷಯವನ್ನು ಶ್ರದ್ಧೆಯಿಂದ ಕಲಿತೆ. ಕಲಿತದ್ದನ್ನು ತಮ್ಮ ಮುಂದಿಡುತ್ತೇನೆ.

ಬ್ಯಾಟರಿಯ ಸ್ವಭಾವ

ಈಗಿನ ವಿದ್ಯುತ್ ಮಾದರಿಗಳಲ್ಲಿ ಹೆಚ್ಚಾಗಿ ಇರುವುದು ಲಿಥಿಯಮ್ ಪಾಲಿಮರ್ ಬ್ಯಾಟರಿ. ಇದರ ಒಂದೊಂದು ಕೋಶವೂ ಪೂರ್ಣ ತುಂಬಿದಾಗ 4.2 ವೋಲ್ಟು ತೋರಿಸುತ್ತದೆ. ಮೂರು ಕೋಶಗಳ ಬ್ಯಾಟರಿಯಾದರೆ ಒಟ್ಟು 12.6 ವೋಲ್ಟು. ಹಾರಾಟದಲ್ಲಿ ಈ ವೋಲ್ಟು ಒಂದೇ ಸಮನೆ ಇಳಿಯುವುದಿಲ್ಲ. ಮೊದಲು ಕೊಂಚ ಇಳಿದು, ಬಹಳ ಹೊತ್ತು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಿಂತು, ಕೊನೆಯಲ್ಲಿ ಬಂಡೆಯಂಚಿನಿಂದ ಬಿದ್ದ ಹಾಗೆ ಬೀಳುತ್ತದೆ. ಆದುದರಿಂದಲೇ ಕಣ್ಣು ಮೋಸ ಹೋಗುತ್ತದೆ. ಕೊನೆಯ ನಿಮಿಷದವರೆಗೂ ವಿಮಾನ ಚೆನ್ನಾಗಿಯೇ ಹಾರುತ್ತಿರುತ್ತದೆ. ಸೀಮೆಎಣ್ಣೆಯ ದೀಪ ಆರುವ ಮುಂಚೆ ಮಂಕಾಗಿ ಸೂಚನೆ ಕೊಡುತ್ತಿತ್ತು. ಈ ಬ್ಯಾಟರಿಗೆ ಅಂಥ ದಾಕ್ಷಿಣ್ಯವಿಲ್ಲ.

ಕೋಶವೊಂದು 3 ವೋಲ್ಟಿಗಿಂತ ಕೆಳಗಿಳಿದರೆ ಅದಕ್ಕೆ ಹಾನಿ. ಬ್ಯಾಟರಿ ಉಬ್ಬಿಕೊಳ್ಳಬಹುದು. ಹೀಗೆ ಕೆಟ್ಟದ್ದನ್ನು ಮತ್ತೆ ಚಾರ್ಜಿಗೆ ಹಾಕಿದರೆ ಬೆಂಕಿ ಹೊತ್ತಿಕೊಳ್ಳುವ ಭಯವುಂಟು. ಒಂದು ಖೋಲಿಯಲ್ಲಿ ಆರೆಂಟು ಮಂದಿ ಮಲಗುವ ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ. ಬಯಲಿನಲ್ಲಿ ಎರಡು ನಿಮಿಷ ಹೆಚ್ಚಿಗೆ ಹಾರಿಸಿದ ತಪ್ಪು ರಾತ್ರಿ ಮನೆಗೆ ಬಂದು ಕಾಡಬಹುದು.

ಆದುದರಿಂದ ಹವ್ಯಾಸಿಗಳಲ್ಲಿ ಒಂದು ರೂಢಿಯಿದೆ. ಬ್ಯಾಟರಿಯ ನೂರರಲ್ಲಿ 80 ಪಾಲನ್ನು ಮಾತ್ರ ಬಳಸಬೇಕು. 20 ಪಾಲನ್ನು ಮುಟ್ಟಬಾರದು. ಇಳಿಸಿ ಕೊಂಚ ಹೊತ್ತು ಬಿಟ್ಟು ಅಳೆದಾಗ ಕೋಶಕ್ಕೆ 3.7 ವೋಲ್ಟಿಗಿಂತ ಕಡಿಮೆ ಕಂಡರೆ, ನೀವು ಹೆಚ್ಚು ಹೊತ್ತು ಹಾರಿಸಿದ್ದೀರಿ ಎಂದೇ ಅರ್ಥ.

ಲೆಕ್ಕ ಮಾಡುವ ಕ್ರಮ

ಹಾಗಾದರೆ ಎಷ್ಟು ನಿಮಿಷ ಹಾರಿಸಬಹುದು? ಅಂಗಡಿಯವನನ್ನು ಕೇಳಿ ಉಪಯೋಗವಿಲ್ಲ. ಅದೇ ವಿಮಾನ, ಅದೇ ಬ್ಯಾಟರಿ ನಿಮ್ಮ ಕೈಯಲ್ಲಿ ಒಂದು ರೀತಿ, ನನ್ನ ಕೈಯಲ್ಲಿ ಇನ್ನೊಂದು ರೀತಿ. ಮೆಲ್ಲಗೆ ಸುತ್ತುವವನಿಗೂ ಪಲ್ಟಿ ಹೊಡೆಸುವವನಿಗೂ ಖರ್ಚು ಬೇರೆ. ಅವರವರೇ ಅಳೆಯಬೇಕು. ಕ್ರಮ ಸುಲಭವಾದದ್ದು.

ಬ್ಯಾಟರಿಯನ್ನು ಪೂರ್ತಿ ತುಂಬಿ. ಮೊದಲ ಸಲ 4 ನಿಮಿಷ ಮಾತ್ರ, ನಿಮ್ಮ ಎಂದಿನ ಕ್ರಮದಲ್ಲಿ ಹಾರಿಸಿ ಇಳಿಸಿ. ಬ್ಯಾಟರಿ ತಣ್ಣಗಾದ ಮೇಲೆ ಚಾರ್ಜರಿಗೆ ಹಾಕಿ. ಎಷ್ಟು ಮಿಲಿ ಆಂಪಿಯರ್ ಗಂಟೆಗಳನ್ನು ಮರಳಿ ತುಂಬಿತು ಎಂದು ಚಾರ್ಜರ್ ತೋರಿಸುತ್ತದೆ. ಅದೇ ನಿಮ್ಮ ಖರ್ಚು.

ಒಂದು ಉದಾಹರಣೆ. ಬ್ಯಾಟರಿ 2200ರದು ಎನ್ನಿ. ಇದರಲ್ಲಿ ನೂರಕ್ಕೆ 80 ಎಂದರೆ 1760. ನಾಲ್ಕು ನಿಮಿಷಕ್ಕೆ ಚಾರ್ಜರ್ 1100 ತುಂಬಿತು ಎನ್ನಿ. ಅಂದರೆ ನಿಮಿಷಕ್ಕೆ 275 ಖರ್ಚು. 1760ನ್ನು 275ರಿಂದ ಭಾಗಿಸಿದರೆ 6.4 ನಿಮಿಷ. ಇದು ಚಕ್ರ ನೆಲಕ್ಕೆ ತಗಲುವ ಹೊತ್ತಿನ ಲೆಕ್ಕ. ಇಳಿಯಲು ಹೊರಡುವ ಹೊತ್ತಿನದಲ್ಲ. ಇಳಿಸಲು ಹೋದಾಗ ಬಯಲಿಗೆ ಎಮ್ಮೆ ಬರಬಹುದು, ಮಕ್ಕಳು ಬರಬಹುದು, ಗಾಳಿ ಅಡ್ಡ ಬೀಸಬಹುದು. ಮತ್ತೊಂದು ಸುತ್ತು ಹೊಡೆದು ಬರುವಷ್ಟು ಶಕ್ತಿ ಕೈಯಲ್ಲಿರಬೇಕು. ಆದುದರಿಂದ ಗಂಟೆ 5 ನಿಮಿಷಕ್ಕೇ ಹೊಡೆಯಬೇಕು.

ಕೊನೆಯ ಲೋಕಲ್ ಎಷ್ಟು ಗಂಟೆಗೆ ಎಂದು ನಮಗೆಲ್ಲ ಗೊತ್ತು. ಆ ಗಂಟೆಗೇ ಆಫೀಸಿನಿಂದ ಏಳುವವನು ರಾತ್ರಿ ಪ್ಲಾಟ್‌ಫಾರಂ ಮೇಲೆ ಮಲಗುತ್ತಾನೆ. ಇದೂ ಹಾಗೆಯೇ.

ಈ ಲೆಕ್ಕ ಒಂದು ಸಲ ಮಾಡಿದರೆ ಮುಗಿಯಿತೆಂದಲ್ಲ. ಪ್ರೊಪೆಲರ್ ಬದಲಾಯಿಸಿದರೆ, ಬ್ಯಾಟರಿ ಹಳತಾದರೆ, ಚಳಿ ಹೆಚ್ಚಾದರೆ, ಗಾಳಿ ಜೋರಾದರೆ ಮತ್ತೆ ಅಳೆಯಬೇಕು.

ವೇಳೆ ತಿಳಿಸುವ ಸಾಧನಗಳು

ಇನ್ನು 5 ನಿಮಿಷ ಆಯಿತೆಂದು ಹೇಳುವವರು ಯಾರು? ಹಾರಿಸುವವನು ಕೈಗಡಿಯಾರ ನೋಡಬಾರದು. ಒಂದು ಕ್ಷಣ ಕಣ್ಣು ಕೆಳಗಿಳಿಸಿ ಮತ್ತೆ ಮೇಲೆ ನೋಡಿದರೆ, ವಿಮಾನ ಬರುತ್ತಿದೆಯೋ ಹೋಗುತ್ತಿದೆಯೋ ತಿಳಿಯದೆ ಗಲಿಬಿಲಿಯಾಗುತ್ತದೆ. ವೇಳೆ ಕಿವಿಗೆ ಬರಬೇಕು, ಕಣ್ಣಿಗಲ್ಲ. ಇದಕ್ಕೆ ನಾಲ್ಕು ಮಾರ್ಗಗಳಿವೆ.

ಮೊದಲನೆಯದು ಜೊತೆಗಾರ. ಖರ್ಚಿಲ್ಲದ್ದು. ಗಡಿಯಾರ ನೋಡಿ ನಿಮಿಷ ನಿಮಿಷಕ್ಕೂ ಕೂಗಿ ಹೇಳುತ್ತಾನೆ. ಬಯಲಿಗೆ ಯಾರಾದರೂ ಬಂದರೆ ಎಚ್ಚರಿಸುತ್ತಾನೆ. ಇದರಲ್ಲಿರುವ ದೋಷ ಒಂದೇ: ಜೊತೆಗಾರನೂ ವಿಮಾನವನ್ನೇ ನೋಡುತ್ತ ಮೈಮರೆಯುವುದು.

ಎರಡನೆಯದು ಅಡಿಗೆಮನೆಯ ಟೈಮರ್ ಅಥವಾ ಕಿಸೆಯ ಮೊಬೈಲು. ಐದು ನಿಮಿಷಕ್ಕೆ ಇಟ್ಟು ಅಂಗಿಯ ಕಿಸೆಗೆ ಹಾಕಿಕೊಂಡರೆ ಸದ್ದೂ ಕೇಳುತ್ತದೆ, ನಡುಕವೂ ಎದೆಗೆ ತಿಳಿಯುತ್ತದೆ. ಆದರೆ ವಿಮಾನ ಏರಿಸುವ ಗಡಿಬಿಡಿಯಲ್ಲಿ ಟೈಮರಿನ ಗುಂಡಿ ಒತ್ತಲು ಮರೆಯುವವರೇ ಹೆಚ್ಚು. ಹಾರಾಟದ ನಡುವೆ ಫೋನ್ ಬಂದರೆ ಮತ್ತೊಂದು ಪೇಚು.

ಮೂರನೆಯದು, ಕೈಯಲ್ಲಿ ಹಿಡಿದ ಟ್ರಾನ್ಸ್‌ಮಿಟರಿನೊಳಗಿನ ಟೈಮರ್. ಈಗಿನ ಹೆಚ್ಚಿನ ಟ್ರಾನ್ಸ್‌ಮಿಟರುಗಳಲ್ಲಿ ಇದು ಇದೆ. ಮೋಟಾರಿನ ಕೋಲನ್ನು ಮೇಲಕ್ಕೆ ತಳ್ಳಿದೊಡನೆ ತಾನಾಗಿ ಶುರುವಾಗುವಂತೆ ಇದನ್ನು ಹೊಂದಿಸಬಹುದು. ಆಗ ಮರೆಯುವ ಮಾತೇ ಇಲ್ಲ. ಕೆಲವದರಲ್ಲಿ ಕೋಲು ಅರ್ಧ ಇದ್ದರೆ ಟೈಮರೂ ನಿಧಾನ, ಪೂರ್ತಿ ಇದ್ದರೆ ಟೈಮರೂ ಪೂರ್ಣ ವೇಗ ಎಂಬ ಏರ್ಪಾಡೂ ಉಂಟು. ನಿಜವಾದ ಖರ್ಚಿಗೆ ಇದು ಹತ್ತಿರವಾದದ್ದು. ಆದರೆ ಎರಡನೆಯ ಬ್ಯಾಟರಿ ಹಾಕುವಾಗ ಟೈಮರನ್ನು ಮತ್ತೆ ಮೊದಲಿಗೆ ತರಬೇಕು.

ನಾಲ್ಕನೆಯದು ಬ್ಯಾಟರಿಯನ್ನೇ ಕೇಳುವುದು. ಬ್ಯಾಟರಿಯ ಸಣ್ಣ ಪ್ಲಗ್ಗಿಗೆ ಸಿಕ್ಕಿಸುವ ಬಜರ್ ಒಂದಿದೆ. ವೋಲ್ಟು ಗೊತ್ತುಮಾಡಿದ ಮಟ್ಟಕ್ಕಿಳಿದರೆ ಆಕಾಶದಲ್ಲೇ ಕಿರಿಚುತ್ತದೆ. ದೂರ ಹೋದರೆ, ಗಾಳಿಯಿದ್ದರೆ ಕೇಳಿಸುವುದಿಲ್ಲ. ಇನ್ನು ಕೆಲವು ರೇಡಿಯೋಗಳಲ್ಲಿ ವಿಮಾನದೊಳಗಿನ ವೋಲ್ಟು ಕೈಯಲ್ಲಿರುವ ಟ್ರಾನ್ಸ್‌ಮಿಟರಿಗೇ ಬರುತ್ತದೆ. ಇದು ಉತ್ತಮ. ಆದರೆ ಮೋಟಾರಿಗೆ ಜೋರು ಕೊಟ್ಟಾಗ ವೋಲ್ಟು ತಾತ್ಕಾಲಿಕವಾಗಿ ಕುಸಿದು, ಬಿಟ್ಟಾಗ ಮತ್ತೆ ಏಳುತ್ತದೆ; ಸುಳ್ಳು ಕೂಗು ಕೇಳಿ ಕೇಳಿ ಮನುಷ್ಯ ನಿಜವಾದ ಕೂಗನ್ನೂ ಅಲಕ್ಷಿಸುತ್ತಾನೆ. ಆದುದರಿಂದ ಗಡಿಯಾರವೇ ಯಜಮಾನ, ಬಜರ್ ಕಾವಲುಗಾರ.

“ವೋಲ್ಟು ಇಳಿದರೆ ಮೋಟಾರು ತಾನಾಗಿ ನಿಲ್ಲುತ್ತದಲ್ಲ, ಅದೇ ಸಾಲದೇ?” ಎಂದು ಹೊಸಬರು ಕೇಳುತ್ತಾರೆ. ಮೋಟಾರನ್ನು ನಿಲ್ಲಿಸಿ, ರೆಕ್ಕೆ ಬಾಲಗಳನ್ನು ತಿರುಗಿಸಲು ಕೊಂಚ ವಿದ್ಯುತ್ತನ್ನು ಉಳಿಸಿಕೊಡುವ ಏರ್ಪಾಡು ವೇಗ ನಿಯಂತ್ರಕದಲ್ಲಿ ಇರುತ್ತದೆ, ನಿಜ. ನನ್ನ ವಿಮಾನದಲ್ಲೂ ಇತ್ತು. ಅದು ನಿಲ್ಲಿಸಿದ್ದರಿಂದಲೇ ಹುಡುಗನ ಪಕ್ಕದಲ್ಲಿ ಬಿತ್ತು. ಅದು ಬ್ಯಾಟರಿಯನ್ನು ಕಾಯುತ್ತದೆ. ಕೆಳಗೆ ನಿಂತವರನ್ನು ಕಾಯುವುದಿಲ್ಲ.

ಎಂಜಿನ್ ವಿಮಾನದವರಿಗೆ ಒಂದು ಮಾತು. ಅಲ್ಲಿ ಎರಡು ಗಡಿಯಾರ ಬೇಕು. ಒಂದು ಇಂಧನದ ಡಬ್ಬಿಯದು. ಡಬ್ಬಿಯಲ್ಲಿ ಕಾಲುಭಾಗ ಉಳಿದಿರುವಾಗಲೇ ಇಳಿಸಬೇಕು. ಇನ್ನೊಂದು ರಿಸೀವರಿನ ಪ್ರತ್ಯೇಕ ಬ್ಯಾಟರಿಯದು. ಡಬ್ಬಿಯನ್ನು ಪ್ರತಿಸಲ ತುಂಬುತ್ತೇವೆ, ಆ ಬ್ಯಾಟರಿಯನ್ನು ತುಂಬುವುದಿಲ್ಲ. ಬೆಳಗ್ಗೆಯಿಂದ ಆದ ಎಲ್ಲ ಹಾರಾಟಗಳ ನಿಮಿಷ ಅದರ ಲೆಕ್ಕಕ್ಕೆ ಸೇರುತ್ತ ಹೋಗುತ್ತದೆ. ಎಂಜಿನ್ ನಿಂತರೆ ವಿಮಾನ ತೇಲಿ ಬರುತ್ತದೆ. ರಿಸೀವರ್ ನಿಂತರೆ ಅದು ಯಾರ ಮಾತನ್ನೂ ಕೇಳುವುದಿಲ್ಲ.

ಹಿರಿಯರು ಮಾಡಿದ್ದು

ವೇಳೆಯ ಈ ಚಿಂತೆ ಹೊಸತಲ್ಲ. ರೇಡಿಯೋ ಇಲ್ಲದೆ ಸ್ವತಂತ್ರವಾಗಿ ಹಾರುವ ಮಾದರಿಗಳಿಗೆ ಹಿಂದೆ ಬತ್ತಿ ಕಟ್ಟುತ್ತಿದ್ದರು. ನಮ್ಮ ಊದುಬತ್ತಿಯ ಹಾಗೆ ನಿಧಾನವಾಗಿ ಉರಿಯುವ ದಾರ ಅದು. ಉರಿದು ಬಂದು ಒಂದು ರಬ್ಬರ್ ಪಟ್ಟಿಯನ್ನು ಸುಟ್ಟೊಡನೆ ಬಾಲದ ರೆಕ್ಕೆ ಮೇಲಕ್ಕೆ ಏಳುತ್ತಿತ್ತು. ವಿಮಾನ ಬಿಸಿಗಾಳಿಯಲ್ಲಿ ಏರಿ ಕಳೆದುಹೋಗದೆ ಮೆಲ್ಲಗೆ ಇಳಿಯುತ್ತಿತ್ತು. ಎಷ್ಟು ಉದ್ದ ಬತ್ತಿಯೋ ಅಷ್ಟು ನಿಮಿಷ. ಮುಂದೆ ಅದರ ಜಾಗಕ್ಕೆ ಸಣ್ಣ ಕೀಲಿ ಗಡಿಯಾರಗಳು ಬಂದವು.

ಈಗಲೂ ಸ್ಪರ್ಧೆಗಳಲ್ಲಿ ಸ್ಟಾಪ್‌ವಾಚು ಹಿಡಿದವನಿಗೆ ಮರ್ಯಾದೆ ಇದೆ. ಎಫ್ 5 ಜೆ ಎಂಬ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಮೋಟಾರನ್ನು ಹೆಚ್ಚೆಂದರೆ 30 ಸೆಕೆಂಡು ನಡೆಸಬಹುದು. ಆಮೇಲೆ ಗಾಳಿಯನ್ನೇ ನಂಬಿ ತೇಲಬೇಕು. ಕೊಟ್ಟ ವೇಳೆ 10 ನಿಮಿಷ. ಅದರೊಳಗೆ ಗುರುತಿನ ಹತ್ತಿರ ಇಳಿದವನಿಗೆ ಹೆಚ್ಚು ಅಂಕ.

ಇವೆಲ್ಲಕ್ಕೂ ದೊಡ್ಡ ನಿದರ್ಶನ ಅಮೆರಿಕದ ಮೇನಾರ್ಡ್ ಹಿಲ್ ಅವರದು. 77 ವರ್ಷ ವಯಸ್ಸು. ಕಣ್ಣು ಕಿವಿ ಎರಡೂ ಬಹುಮಟ್ಟಿಗೆ ಹೋಗಿದ್ದವು. ಅವರೂ ಸಂಗಡಿಗರೂ ಸೇರಿ 2003ರ ಆಗಸ್ಟಿನಲ್ಲಿ ಕೆನಡಾದ ನ್ಯೂಫೌಂಡ್‌ಲೆಂಡಿನಿಂದ ಒಂದು ಮಾದರಿ ವಿಮಾನವನ್ನು ಹಾರಿಸಿದರು. ಅಟ್ಲಾಂಟಿಕ್ ಸಾಗರವನ್ನು ದಾಟಿ, ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಹಾರಿ, 38 ಗಂಟೆ 52 ನಿಮಿಷದ ಮೇಲೆ ಅದು ಐರ್ಲೆಂಡಿನಲ್ಲಿ ಇಳಿಯಿತು. ನಡುದಾರಿಯಲ್ಲಿ ಯಂತ್ರವೇ ಅದನ್ನು ನಡೆಸಿತು. ಏರಿಸಿದ್ದು, ಇಳಿಸಿದ್ದು ಮನುಷ್ಯರ ಕೈ. ನಿಯಮದಂತೆ ಒಟ್ಟು ತೂಕ 5 ಕಿಲೋ ಮೀರುವಂತಿರಲಿಲ್ಲ. ಅದರಲ್ಲಿ ಹತ್ತಿರ ಹತ್ತಿರ ಅರ್ಧ ಇಂಧನವೇ. ಇಳಿದಾಗ ಉಳಿದದ್ದು ಅತ್ಯಲ್ಪ. ಹಿಂದಿನ ಪ್ರಯತ್ನಗಳಲ್ಲಿ ವಿಮಾನಗಳು ಸಮುದ್ರದ ಪಾಲಾಗಿದ್ದವು. ಸಾಗರದ ಮೇಲೆ ಹೋದ ವಿಮಾನಕ್ಕೆ ಇಂಧನ ತುಂಬುವವರಿಲ್ಲ. ಎಷ್ಟು ಗಂಟೆಗೆ ಎಷ್ಟು ಬೇಕೆಂಬುದನ್ನು ನೆಲದ ಮೇಲೆಯೇ ಅಳೆದು ಬರೆದುಕೊಂಡವರಿಗೆ ಮಾತ್ರ ಈ ಕೆಲಸ ಸಾಧ್ಯ.

ಕೊನೆಯ ಮಾತು

ಬಂಧುಗಳೇ, ನಾನು ಹೇಳಬೇಕಾದದ್ದು ಇಷ್ಟೇ. ವೇಳೆಯನ್ನು ನಿರ್ಧರಿಸಬೇಕಾದದ್ದು ನೆಲದ ಮೇಲೆ, ಮನಸ್ಸು ಶಾಂತವಾಗಿರುವಾಗ. ವಿಮಾನ ಮೇಲೇರಿದ ಮೇಲೆ ಮನಸ್ಸು ನಮ್ಮದಾಗಿರುವುದಿಲ್ಲ. ಅದು ಯಾವಾಗಲೂ “ಇನ್ನೊಂದೇ ಸುತ್ತು” ಎನ್ನುತ್ತದೆ.

ದುಬಾರಿ ಸಲಕರಣೆ ಇಲ್ಲವೆಂದು ಯಾರೂ ಹಿಂಜರಿಯಬೇಕಾಗಿಲ್ಲ. ಗೆರೆ ಹಾಕಿದ ಒಂದು ನೋಟ್‌ಬುಕ್ಕು ಸಾಕು. ತಾರೀಖು, ಬ್ಯಾಟರಿಯ ನಂಬರು, ಹಾರಿದ ನಿಮಿಷ, ಮರಳಿ ತುಂಬಿದ ಲೆಕ್ಕ, ಇಳಿದಾಗಿನ ವೋಲ್ಟು, ಇಷ್ಟು ಕಲಮುಗಳು. ಜಮಾಖರ್ಚು ಬರೆದು ಕೈ ಪಳಗಿದ ನಮಗೆ ಇದೇನು ಹೊಸ ವಿದ್ಯೆಯೇ? ಅದೇ ಹೊತ್ತು, ಅದೇ ಬ್ಯಾಟರಿ, ಆದರೆ ತುಂಬುವ ಲೆಕ್ಕ ಏರುತ್ತ ಹೋದರೆ ಎಲ್ಲೋ ದೋಷವಿದೆ. ಇಳಿದಾಗಿನ ವೋಲ್ಟು ವಾರ ವಾರಕ್ಕೂ ಕಡಿಮೆಯಾದರೆ ಬ್ಯಾಟರಿ ಮುದಿಯಾಯಿತು. ಉಬ್ಬಿದ್ದನ್ನು ಮತ್ತೆ ಚಾರ್ಜಿಗೆ ಹಾಕಬೇಡಿ. ಒಳ್ಳೆಯದನ್ನೂ ನೀವು ಎಚ್ಚರವಿದ್ದು ಎದುರಿಗೆ ಕೂತಿರುವಾಗಲೇ ಚಾರ್ಜ್ ಮಾಡಿ.

ಈಗ ನಮ್ಮ ಗುಂಪಿನಲ್ಲಿ ಒಂದು ಕಟ್ಟಳೆಯಿದೆ. ಗಡಿಯಾರ ಹಿಡಿದವನು “ಇಳಿಸಿ” ಎಂದರೆ ಹಾರಿಸುವವನು ಮರುಮಾತಾಡುವಂತಿಲ್ಲ; ಅವನು ವಯಸ್ಸಿನಲ್ಲಿ ಚಿಕ್ಕವನಾದರೂ ಸರಿ. ವಿಜಯಪುರದ ನನ್ನ ಗೆಳೆಯ ಇಲ್ಲೇ ಹಿಂದಿನ ಬೆಂಚಿನಲ್ಲಿ ಕುಳಿತಿದ್ದಾನೆ. ಕೈಗಡಿಯಾರ ನೋಡುತ್ತಿದ್ದಾನೆ. ಅದರ ಅರ್ಥ ನನಗೆ ಗೊತ್ತು, ಇಳಿಯುತ್ತೇನೆ.