ಅಂಗಳದ ಚರಂಡಿಯೂ ಮನೆಯವರ ಆರೋಗ್ಯವೂ



ವೈದ್ಯನಿಗೂ ಚರಂಡಿಗೂ ಏನು ನಂಟೆಂದು ತಾವು ಕೇಳಬಹುದು. ಅಮೆರಿಕದಲ್ಲಿ 65 ವರ್ಷ ದಾಟಿದವರಿಗೆ ಗಾಯಗಳಿಂದ ಸಂಭವಿಸುವ ಮರಣಗಳಲ್ಲಿ ಮೊದಲ ಕಾರಣ ಜಾರಿ ಬೀಳುವುದು, ಎಡವಿ ಬೀಳುವುದು. ಗ್ಯಾರೇಜಿನ ಮುಂದೆ ನಿಂತ ತೆಳ್ಳನೆಯ ನೀರು ಚಳಿಗಾಲದ ರಾತ್ರಿ ಮಂಜುಗಡ್ಡೆಯಾಗುತ್ತದೆ. ಊರಿನಿಂದ ಬಂದಿರುವ ತಂದೆತಾಯಿಗಳು ಬೆಳಿಗ್ಗೆ ಅದರ ಮೇಲೆಯೇ ಕಾಲಿಡುತ್ತಾರೆ. ಆದುದರಿಂದ ಡ್ರೈವ್‌ವೇಗೋ ಹಿತ್ತಲಿಗೋ ಕಾಂಕ್ರೀಟು ಹಾಕಿಸುವವರು, ಜಾಲರಿ ಮುಚ್ಚಿದ ಕಾಲುವೆ ಎಂತಹುದಿರಬೇಕೆಂಬುದನ್ನು ಗುತ್ತಿಗೆದಾರನಿಗೆ ಬಿಡದೆ ಕರಾರಿನಲ್ಲಿಯೇ ಬರೆಸಬೇಕೆಂಬುದು ನನ್ನ ವಿನಂತಿ. ಇದಕ್ಕೆ ಇಲ್ಲಿ ಟ್ರೆಂಚ್ ಡ್ರೇನ್ ಎನ್ನುತ್ತಾರೆ. ಕಾಂಕ್ರೀಟು ಗಟ್ಟಿಯಾದ ಬಳಿಕ ತಿದ್ದುವುದೆಂದರೆ ಒಡೆಯುವುದೇ ಸರಿ.

ಮೊದಲನೆಯದು ನೀರಿನ ಲೆಕ್ಕ. ಗಂಟೆಗೆ 1 ಅಂಗುಲದಂತೆ ಮಳೆ ಸುರಿದರೆ 1,000 ಚದರ ಅಡಿ ನೆಲದಿಂದ ನಿಮಿಷಕ್ಕೆ ಸುಮಾರು 10 ಗ್ಯಾಲನ್ ನೀರು ಹರಿಯುತ್ತದೆ. 4 ಅಂಗುಲದ ಬಿರುಮಳೆಗೆ 40ಕ್ಕೂ ಹೆಚ್ಚು. ಸೂರಿನ ನೀರು ಅಲ್ಲಿಗೇ ಬೀಳುವುದಾದರೆ ಅದನ್ನೂ ಕೂಡಿಸಬೇಕು. ತಮ್ಮ ಊರಿನ ಮಳೆಯ ರಭಸವನ್ನು ನೋವಾ ಸಂಸ್ಥೆಯ ಅಟ್ಲಾಸ್ 14ರಲ್ಲಿ ನೋಡಬಹುದು. ನೆಲವು ಕಾಲುವೆಯ ಕಡೆಗೆ ಅಡಿಗೆ ಕಾಲು ಅಂಗುಲದಷ್ಟು, ಎಂದರೆ ಶೇಕಡಾ 2ರಷ್ಟು, ಇಳಿಜಾರಾಗಿರಲಿ. ಕಾಲುವೆಯ ತಳವೂ ಹೊರದಾರಿಯತ್ತ ಇಳಿಯಲಿ.

ಎರಡನೆಯದು ಭಾರ. ಯೂರೋಪಿನ ಇಎನ್ 1433 ಮಾನಕದ ದರ್ಜೆಗಳನ್ನು ಇಲ್ಲಿನ ತಯಾರಕರೂ ಬಳಸುತ್ತಾರೆ. ಎ 15 ಪಾದಚಾರಿಗಳಿಗೆ. ಬಿ 125 ಕಾರು ನಿಲ್ಲುವ ಜಾಗಕ್ಕೆ. ಭಾರಿ ಲಾರಿ ಹಾಯುವ ದಾರಿಗೆ ಡಿ 400. ಈ ಅಂಕಿಗಳು ಕಿಲೋನ್ಯೂಟನ್‌ಗಳಲ್ಲಿವೆ. 125 ಎಂದರೆ ಸುಮಾರು ಹನ್ನೆರಡೂವರೆ ಟನ್ ಭಾರ. ಜಾಲರಿಯ ದರ್ಜೆಯೊಂದೇ ಸಾಲದು. ಕಾಲುವೆಯ ಸುತ್ತ ತಯಾರಕರು ಹೇಳಿದಷ್ಟು ದಪ್ಪದ ಕಾಂಕ್ರೀಟು ಇಲ್ಲದಿದ್ದರೆ ಅದು ಬಿರುಕು ಬಿಡುತ್ತದೆ.

ಮೂರನೆಯದು, ನನ್ನ ದೃಷ್ಟಿಯಲ್ಲಿ ಮುಖ್ಯವಾದದ್ದು, ಕಾಲು. ಅಂಗವಿಕಲರ ಅನುಕೂಲಕ್ಕಾಗಿ ಅಮೆರಿಕದಲ್ಲಿ ರೂಪಿಸಿದ 2010ರ ಮಾನಕಗಳಂತೆ ನಡೆಯುವ ನೆಲದ ರಂಧ್ರಗಳಲ್ಲಿ ಅರ್ಧ ಅಂಗುಲಕ್ಕಿಂತ ದಪ್ಪನೆಯ ಗುಂಡು ತೂರಬಾರದು. ಉದ್ದನೆಯ ಸೀಳುಗಳು ನಡೆಯುವ ದಿಕ್ಕಿಗೆ ಅಡ್ಡವಾಗಿರಬೇಕು. ಖಾಸಗಿ ಮನೆಗೆ ಇದು ಸಾಮಾನ್ಯವಾಗಿ ಕಡ್ಡಾಯವಲ್ಲ. ಆದರೆ ಅಜ್ಜನ ಊರುಗೋಲಿನ ತುದಿಗೆ ಆ ಭೇದ ತಿಳಿಯದು. ಜಾಲರಿಗೆ ಬೀಗುಪಟ್ಟಿಯಿರಲಿ, ಮೇಲ್ಮೈ ಜಾರದಂತಿರಲಿ. ಅದು ನೆಲಕ್ಕಿಂತ ಅಂಗುಲದ ಎಂಟನೆಯ ಒಂದು ಭಾಗದಷ್ಟು ಮಾತ್ರ ತಗ್ಗಿರಲಿ. ಎತ್ತರವಾದರೆ ಎಡವುತ್ತೇವೆ, ನೀರೂ ಒಳಗೆ ಇಳಿಯದು.

ಕೊನೆಯದು ಹೊರದಾರಿ. ನೀರನ್ನು ನೆರೆಯವರ ನೆಲಕ್ಕೆ ಬಿಡಬಾರದು. ಮಳೆನೀರಿನ ಕೊಳವೆಗೆ ಸೇರಿಸುವ ಮುನ್ನ ಊರಿನ ಆಡಳಿತದ ಅನುಮತಿ ಕೇಳಬೇಕು. ಹೂಳು ಹಿಡಿಯುವ ಬುಟ್ಟಿಯನ್ನು ಇಡಿಸಿ, ಎಲೆಯುದುರುವ ಕಾಲದಲ್ಲಿ ಶುಚಿಮಾಡಬೇಕು. 1999ರಲ್ಲಿ ನ್ಯೂಯಾರ್ಕಿನಲ್ಲಿ ಕಾಣಿಸಿಕೊಂಡ ವೆಸ್ಟ್ ನೈಲ್ ಜ್ವರವನ್ನು ಹರಡುವ ಕ್ಯೂಲೆಕ್ಸ್ ಸೊಳ್ಳೆ ನಿಂತ ನೀರಿನಲ್ಲಿ ಮೊಟ್ಟೆಯಿಡುತ್ತದೆ. ಬೇಸಗೆಯಲ್ಲಿ ಒಂದೆರಡು ವಾರಗಳೊಳಗೆ ಅದರ ಸಂತತಿ ಹಾರುತ್ತದೆ.

ನಮ್ಮ ತೊಟ್ಟಿಮನೆಗಳಲ್ಲಿ ನಾಲ್ಕೂ ಸೂರಿನ ನೀರು ನಡುವಿನ ಅಂಗಳಕ್ಕೆ ಇಳಿದು ಮೋರಿಯಿಂದ ಹೊರಗೆ ಹೋಗುತ್ತಿತ್ತು. ನೀರಿನ ದಾರಿಯನ್ನು ಗೊತ್ತುಮಾಡಿಕೊಂಡೇ ಹಿರಿಯರು ಮನೆ ಕಟ್ಟುತ್ತಿದ್ದರು. ಇಲ್ಲಿ ಆ ದಾರಿಯನ್ನು ಕಾಗದದ ಮೇಲೆ ಗೊತ್ತುಮಾಡಬೇಕು: ಎಷ್ಟು ನೀರು, ಯಾವ ದರ್ಜೆ, ಎಷ್ಟು ಅಗಲದ ರಂಧ್ರ, ಎಲ್ಲಿಗೆ ಹರಿವು. ಈ ನಾಲ್ಕು ಸಾಲುಗಳಿಲ್ಲದ ಕರಾರಿಗೆ ದಯವಿಟ್ಟು ಸಹಿ ಹಾಕಬೇಡಿ.