ತೆಳ್ಳಗಿದ್ದರೆ ಸಾಕೇ?
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ನಾನು ವಿಜ್ಞಾನದ ಶಿಕ್ಷಕಿಯಲ್ಲ, ಉರ್ದು ಮತ್ತು ಕನ್ನಡ ಕಲಿಸುವವಳು. ಆದರೂ ಆರೋಗ್ಯದ ಬಗ್ಗೆ ಮಾತನಾಡಲು ಒಂದು ಕಾರಣವಿದೆ. ನಮ್ಮ ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಮಧ್ಯಾಹ್ನದ ಊಟ ಬಿಡುತ್ತಿದ್ದಳು. ಕೇಳಿದರೆ, "ಊಟ ಮಾಡಿದ್ರೆ ದಪ್ಪ ಆಗ್ತೀನಿ ಮಿಸ್" ಎಂದಳು. ಅವಳೋ ಕಡ್ಡಿಯಂತಿದ್ದಳು. ಚೀಲದಲ್ಲಿ ಮಾತ್ರ ಚಿಪ್ಸ್ ಪೊಟ್ಟಣವಿತ್ತು!

ಬೊಜ್ಜು ದಪ್ಪಗಿರುವವರ ಸಮಸ್ಯೆ, ತೆಳ್ಳಗಿದ್ದರೆ ಆರೋಗ್ಯ ಎಂದು ನಾವೆಲ್ಲ ನಂಬಿದ್ದೇವೆ. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಸಂಶೋಧಕ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ಕೆಲಸ ಈ ನಂಬಿಕೆಯನ್ನೇ ಪ್ರಶ್ನಿಸುತ್ತದೆ.

2004ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಛಾಯಾಚಿತ್ರ ಪ್ರಕಟವಾಯಿತು. ಅದರಲ್ಲಿ ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಜಾನ್ ಯುಡ್ಕಿನ್ ಅಕ್ಕಪಕ್ಕದಲ್ಲಿದ್ದಾರೆ. ಎತ್ತರಕ್ಕೆ ತಕ್ಕ ತೂಕ ತಿಳಿಸುವ ಬಿ.ಎಂ.ಐ. ಇಬ್ಬರದೂ 22.3. ಆದರೆ ದೇಹದ ಕೊಬ್ಬು ಯುಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2! ಯುಡ್ಕಿನ್ ಮ್ಯಾರಥಾನ್ ಓಡುವವರು. ಯಾಜ್ಞಿಕ್ ಓಡುತ್ತಿದ್ದುದು ಲಿಫ್ಟಿನ ಬಾಗಿಲು ಮುಚ್ಚುವುದರೊಳಗೆ ಸೇರಿಕೊಳ್ಳಲು ಎಂದು ಅಲ್ಲಿಯೇ ತಮಾಷೆಯಾಗಿ ಬರೆದಿದ್ದಾರೆ. ಜೊತೆಗೆ ಯಾಜ್ಞಿಕ್ ಹುಟ್ಟುವಾಗ ಕಡಿಮೆ ತೂಕವಿದ್ದರು ಎಂಬುದನ್ನೂ ಹೇಳಿದ್ದಾರೆ.

ಈ ಎರಡನೆಯ ಮಾತು ಮುಖ್ಯ. 1993ರಲ್ಲಿ ಅವರ ತಂಡ ಪುಣೆ ಸಮೀಪದ ಆರು ಹಳ್ಳಿಗಳಲ್ಲಿ ಗರ್ಭಿಣಿಯರ ಅಧ್ಯಯನ ಆರಂಭಿಸಿತು. ಅಲ್ಲಿನ ಶಿಶುಗಳ ಸರಾಸರಿ ತೂಕ ಸುಮಾರು 2.7 ಕೆ.ಜಿ.; ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ 3.5 ಕೆ.ಜಿ. ನಮ್ಮ ಶಿಶುಗಳಲ್ಲಿ ಸ್ನಾಯು ತೀರಾ ಕಡಿಮೆ, ಆದರೆ ಚರ್ಮದಡಿಯ ಕೊಬ್ಬು ಅಷ್ಟಾಗಿ ಕಡಿಮೆಯಿರಲಿಲ್ಲ. ನೋಡಲು ಬಡಕಲು, ಒಳಗೆ ಕೊಬ್ಬು. ಆ ಮಕ್ಕಳಿಗೆ 18 ವರ್ಷವಾದಾಗ ಪರೀಕ್ಷಿಸಿದರೆ, ತೆಳ್ಳಗಿದ್ದರೂ ಹುಡುಗರಲ್ಲಿ ಶೇ. 37, ಹುಡುಗಿಯರಲ್ಲಿ ಶೇ. 18 ಮಂದಿಯ ರಕ್ತದಲ್ಲಿ ಸಕ್ಕರೆ ಅಂಶ ಹೆಚ್ಚಿತ್ತು.

ಹಾಗಾದರೆ ದಾರಿ ಯಾವುದು? ಸೊಪ್ಪು, ಹಣ್ಣು, ಹಾಲನ್ನು ಹೆಚ್ಚಾಗಿ ಸೇವಿಸಿದ ತಾಯಂದಿರ ಶಿಶುಗಳು ಚೆನ್ನಾಗಿ ಬೆಳೆದಿದ್ದವು ಎಂದು ಅದೇ ಅಧ್ಯಯನ ತೋರಿಸಿತು. ಹಲವು ತಾಯಂದಿರಲ್ಲಿ ಬಿ-12 ಜೀವಸತ್ವದ ಕೊರತೆಯಿತ್ತು. ಹಾಲು, ಮೊಟ್ಟೆ, ಮೀನು, ಮಾಂಸಗಳಿಂದ ದೊರೆಯುವ ಜೀವಸತ್ವವಿದು. ಗರ್ಭಿಣಿಯಾದ ಮೇಲೆ ಎಚ್ಚೆತ್ತರೆ ತಡವಾಗಬಹುದೆಂದು, 2012ರಿಂದ ಅವರ ತಂಡ ಹದಿಹರೆಯದವರಿಗೇ ಬಿ-12 ಕೊಟ್ಟು ಪ್ರಯೋಗ ನಡೆಸಿತು.

ಪೋಷಕರೇ, ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಮಗಳಿಗೆ ಬಡಿಸುವ ರೂಢಿ ಇದ್ದರೆ ಇಂದೇ ಬಿಡೋಣ. ಮೊಟ್ಟೆಯೋ ಹಾಲೋ ಮಗನಿಗೆ ಸಿಕ್ಕಷ್ಟು ಮಗಳಿಗೂ ಸಿಗಲಿ. ವಿದ್ಯಾರ್ಥಿಗಳೇ, ಉಪವಾಸ ಬಿದ್ದು ಸಣ್ಣಗಾದರೆ ಮೊದಲೇ ಕಡಿಮೆಯಿರುವ ಸ್ನಾಯುವೂ ಕರಗುತ್ತದೆ. ಹೊಟ್ಟೆ ತುಂಬ ಊಟ ಮಾಡಿ, ಮೈ ಬೆವರುವಂತೆ ಆಡಿ. ಆಟದ ಮೈದಾನ ಹುಡುಗರಿಗೆ ಮಾತ್ರ ಸೇರಿದ್ದಲ್ಲ.

ಆ ಹುಡುಗಿ ಈಗ ಮಧ್ಯಾಹ್ನ ನನ್ನ ಪಕ್ಕ ಕುಳಿತು ಉಣ್ಣುತ್ತಾಳೆ. ಅವಳ ತಟ್ಟೆಯಲ್ಲಿರುವುದು ಅವಳೊಬ್ಬಳ ಊಟವಲ್ಲ, ಮುಂದಿನ ತಲೆಮಾರಿನದೂ ಹೌದು.