ಏಣಿಯ ಕಾಲು, ನೆಲದ ಮಟ್ಟ



'ಏರಿದ ಏಣಿಯನ್ನು ಒದೆಯಬಾರದು' ಎಂಬ ಮಾತನ್ನು ನೀವೆಲ್ಲ ಕೇಳಿದ್ದೀರಿ. ಏರಿದವನನ್ನು ಏಣಿಯೇ ಒದ್ದು ಕೆಡವುವುದೂ ಉಂಟು. ಆದರೆ ಏಣಿಗೆ ಸಿಟ್ಟಿಲ್ಲ, ಹಗೆಯಿಲ್ಲ. ಅದು ಜಾರುವುದು, ವಾಲುವುದು, ಮಗುಚುವುದು ಎಲ್ಲವೂ ನಿಮ್ಮ ಭೌತಶಾಸ್ತ್ರದ ಪಠ್ಯದಲ್ಲಿರುವ ನಿಯಮಗಳಿಗೆ ಅನುಸಾರವಾಗಿಯೇ ನಡೆಯುತ್ತದೆ. ಆ ನಿಯಮಗಳನ್ನು ತಿಳಿದವರು ಅದನ್ನು ಬೀಳದಂತೆ ನಿಲ್ಲಿಸಲೂ ಬಲ್ಲರು. ಏರುಪೇರಾದ ನೆಲದ ಮೇಲೆ ಏಣಿಯನ್ನು ಭದ್ರವಾಗಿ, ಮಟ್ಟವಾಗಿ ನಿಲ್ಲಿಸುವುದು ಹೇಗೆ ಎಂಬುದೇ ಇಂದಿನ ಮಾತಿನ ವಿಷಯ.

ಇದೂ ಒಂದು ವಿಷಯವೇ ಎಂದು ನಿಮಗೆ ಅನ್ನಿಸಬಹುದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ನೀಡಿದ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿ ವರ್ಷ 6,84,000 ಜನ ಬಿದ್ದು ಸಾಯುತ್ತಾರೆ. ಅಪಘಾತದ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಬೀಳುವುದರದೇ. ಇವರೆಲ್ಲ ಏಣಿಯಿಂದಲೇ ಬಿದ್ದವರಲ್ಲ, ನಿಜ. ಆದರೆ ನಮ್ಮ ಮಲೆನಾಡಿನ ಕಡೆ ನೋಡಿ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ತೋಟಗಳಲ್ಲಿ ಕಾಳುಮೆಣಸಿನ ಬಳ್ಳಿ ಸಿಲ್ವರ್ ಓಕ್ ಮರಗಳನ್ನು ಅಪ್ಪಿಕೊಂಡು ಮೇಲೇರಿರುತ್ತದೆ. ಕೊಯ್ಲಿನ ಕಾಲದಲ್ಲಿ ಕಾರ್ಮಿಕರು ಬೆಳಗಿನಿಂದ ಸಂಜೆಯವರೆಗೆ ಏಣಿಯ ಮೇಲೆಯೇ ಇರುತ್ತಾರೆ. ಒಂದು ಮರ ಮುಗಿಯಿತೆಂದರೆ ಏಣಿಯನ್ನು ಹೊತ್ತು ಮತ್ತೊಂದು ಮರಕ್ಕೆ ಹೋಗಬೇಕು. ನೆಲವೆಲ್ಲ ಇಳಿಜಾರು, ಅದರ ಮೇಲೆ ತರಗೆಲೆಯ ಹಾಸು, ಹಾಸಿನ ಕೆಳಗೆ ಕಲ್ಲಿದೆಯೋ, ಗುಳಿಯಿದೆಯೋ ಕಾಣುವುದಿಲ್ಲ. ಅಲ್ಲಿ ಒಬ್ಬ ಕೂಲಿಕಾರನ ಸೊಂಟ ಮುರಿದರೆ ಒಂದು ಮನೆಯ ಒಲೆ ಆರುತ್ತದೆ. ಆದುದರಿಂದ ವಿಷಯ ಚಿಕ್ಕದಲ್ಲ.

ಏಣಿಗಳನ್ನು ಅವುಗಳ ಕಾಲಿನ ಸಂಖ್ಯೆಯಿಂದ ವಿಂಗಡಿಸಿ ನೋಡೋಣ.

ಮೊದಲನೆಯದು ಒಂದೇ ಕಾಲಿನ ಏಣಿ. ಗಟ್ಟಿಯಾದ ಒಂದು ಬಿದಿರಿನ ಗಳ. ಗಿಣ್ಣುಗಳ ಬಳಿ ಕವಲುಗಳನ್ನು ಪೂರ್ತಿ ಸವರದೆ ಕಾಲಿಡುವಷ್ಟು ಉಳಿಸಿರುತ್ತಾರೆ. ಅಷ್ಟೇ ಏಣಿ! ಮೆಣಸು ಕೊಯ್ಯಲು ನಮ್ಮ ತೋಟಗಳಲ್ಲೂ ಕೇರಳದಲ್ಲೂ ಇದನ್ನು ಬಹುಕಾಲದಿಂದ ಬಳಸುತ್ತ ಬಂದಿದ್ದಾರೆ. ಇದರಲ್ಲಿ ಒಂದು ಜಾಣ್ಮೆಯಿದೆ. ಕಾಲು ಒಂದೇ ಆದುದರಿಂದ ಮಟ್ಟ ಮಾಡುವ ಪ್ರಶ್ನೆಯೇ ಇಲ್ಲ. ಅಂಗೈಯಗಲದ ಗಟ್ಟಿ ನೆಲ ಸಿಕ್ಕರೆ ಸಾಕು. ಆದರೆ ಪಕ್ಕಕ್ಕೆ ಉರುಳದಂತೆ ತಡೆಯಲು ಅದರ ಬುಡದಲ್ಲಿ ಏನೂ ಇಲ್ಲ. ಆ ಕೆಲಸವನ್ನು ಮೇಲೆ ಮರಕ್ಕೆ ಬಿಗಿದ ಹಗ್ಗವೇ ಮಾಡಬೇಕು. ಕಟ್ಟದ ಒಂಟಿ ಏಣಿ ಏಣಿಯೇ ಅಲ್ಲ.

ಎರಡನೆಯದು ನಮಗೆಲ್ಲ ಪರಿಚಿತವಾದ ಎರಡು ಕಾಲಿನ ಏಣಿ. ಗೋಡೆಗೋ ಮರಕ್ಕೋ ಒರಗಿಸುವಂಥದು. ಇದು ಎರಡು ರೀತಿಯಲ್ಲಿ ಬೀಳುತ್ತದೆ: ಬುಡ ಹಿಂದಕ್ಕೆ ಜಾರಿ, ಇಲ್ಲವೆ ತುದಿ ಪಕ್ಕಕ್ಕೆ ಸರಿದು.

ಬುಡ ಜಾರುವುದನ್ನು ಮೊದಲು ನೋಡೋಣ. ಏಣಿಯ ತುದಿ ನಾಲ್ಕು ಮೀಟರ್ ಎತ್ತರದಲ್ಲಿದ್ದರೆ ಬುಡ ಗೋಡೆಯಿಂದ ಒಂದು ಮೀಟರ್ ದೂರದಲ್ಲಿರಬೇಕು. ಈ ನಾಲ್ಕಕ್ಕೆ ಒಂದರ ಲೆಕ್ಕ ನೆಲದೊಡನೆ ಸುಮಾರು 75 ಡಿಗ್ರಿ ಕೋನವಾಗುತ್ತದೆ. ಏಕೆ ನಾಲ್ಕಕ್ಕೆ ಒಂದು? 60 ಕಿಲೋ ತೂಕದ ಮನುಷ್ಯ ತುದಿಯ ಬಳಿ ಇದ್ದಾಗ ಏಣಿಯ ಬುಡವನ್ನು ಹಿಂದಕ್ಕೆ ದೂಡುವ ಬಲ ಅವನ ತೂಕದ ಕಾಲುಭಾಗ, ಅಂದರೆ ಸುಮಾರು 15 ಕಿಲೋ ತೂಕದಷ್ಟು. ನೆಲದ ಘರ್ಷಣೆ ಇಷ್ಟನ್ನು ತಡೆದರೆ ಸಾಕು. ಬುಡವನ್ನು ಎರಡು ಮೀಟರಿಗೆ ಎಳೆದಿಟ್ಟರೆ ಆ ಬಲ 30 ಕಿಲೋ ಆಗುತ್ತದೆ. ಒಣ ಸಿಮೆಂಟು ನೆಲ ಇದನ್ನು ತಾಳಿಕೊಂಡೀತು. ಪಾಚಿ ಹಿಡಿದ ಕಲ್ಲು ತಾಳದು. ಹಾಗೆಂದು ಬುಡವನ್ನು ಗೋಡೆಗೆ ತೀರ ಹತ್ತಿರ ತಂದರೆ ಏಣಿ ಮನುಷ್ಯನ ಸಮೇತ ಹಿಂದಕ್ಕೆ ಮಗುಚುತ್ತದೆ. ಇನ್ನೊಂದು ಅಂಶವನ್ನು ಗಮನಿಸಿ. ಮನುಷ್ಯ ಮೇಲೇರಿದಂತೆಲ್ಲ ಈ ದೂಡುವ ಬಲ ಹೆಚ್ಚುತ್ತದೆ. ಮೊದಲ ಮೆಟ್ಟಿಲಿನಲ್ಲಿ ನಿಂತು 'ಭದ್ರವಾಗಿದೆ' ಎಂದು ತೀರ್ಮಾನಿಸುವುದು ಅದಕ್ಕಾಗಿಯೇ ಅಪಾಯ.

ಇನ್ನು ಪಕ್ಕಕ್ಕೆ ಸರಿಯುವುದು. ಏರುಪೇರು ನೆಲದ ನಿಜವಾದ ತೊಂದರೆ ಇದೇ. ಒಂದು ಚಿಕ್ಕ ಲೆಕ್ಕ ಮಾಡೋಣ. ಏಣಿಯ ಎರಡು ಕಾಲುಗಳ ನಡುವೆ 40 ಸೆಂಟಿಮೀಟರ್ ಅಂತರವಿದೆ. ಒಂದು ಕಾಲು ಇನ್ನೊಂದಕ್ಕಿಂತ ಎರಡೂವರೆ ಸೆಂಟಿಮೀಟರ್, ಅಂದರೆ ಒಂದು ಅಂಗುಲ, ತಗ್ಗಿನಲ್ಲಿದೆ. 40ಕ್ಕೆ ಎರಡೂವರೆ ಎಂದರೆ ಹದಿನಾರಕ್ಕೆ ಒಂದರ ಓಟ. ಈ ಓಟ ಮೇಲಕ್ಕೂ ಮುಂದುವರಿಯುತ್ತದೆ. 320 ಸೆಂಟಿಮೀಟರ್ ಮೇಲೇರುವಷ್ಟರಲ್ಲಿ ಏಣಿಯ ನಡುಗೆರೆ ಪಕ್ಕಕ್ಕೆ ಸುಮಾರು 20 ಸೆಂಟಿಮೀಟರ್ ಸರಿದಿರುತ್ತದೆ. ಕಾಲುಗಳ ಅಂತರದ ಅರ್ಧವೂ 20 ಸೆಂಟಿಮೀಟರೇ! ಎಂದರೆ ಹತ್ತುವವನ ಗುರುತ್ವ ಕೇಂದ್ರದಿಂದ ಇಳಿಬಿಟ್ಟ ಲಂಬರೇಖೆ ಈಗ ತಗ್ಗಿನ ಕಾಲಿನ ಮೇಲೆಯೇ ಬೀಳುತ್ತದೆ. ಅಲ್ಲಿಂದ ಒಂದು ಮೆಟ್ಟಿಲು ಮೇಲೇರಿದರೂ ಆ ರೇಖೆ ಕಾಲುಗಳ ಆಚೆಗೆ ಹೋಗುತ್ತದೆ. ಆಮೇಲೆ ಏಣಿಯನ್ನು ಹಿಡಿದಿರುವುದು ಗೋಡೆಯ ಮೇಲಿನ ಅಲ್ಪ ಘರ್ಷಣೆ ಮಾತ್ರ. ಕೈಚಾಚಿ ಪಕ್ಕದ ಗೊಂಚಲಿಗೆ ಬಗ್ಗಿದರೆ ಅದೂ ಸಾಲದು. ಗೋಡೆಯ ಬದಲು ದುಂಡಗಿನ ಮರದ ಕಾಂಡವಾದರಂತೂ ತುದಿ ಉರುಳಿ ಜಾರಲು ನೆವವೇ ಬೇಕಿಲ್ಲ. ನೆಲದಲ್ಲಿ ಒಂದು ಅಂಗುಲದ ತಪ್ಪು ಮೇಲೆ ಒಂದು ಗೇಣಿನ ತಪ್ಪಾಗುತ್ತದೆ ಎಂಬುದನ್ನು ಮರೆಯಬೇಡಿ.

ಪರಿಹಾರವೇನು? ಮೊದಲನೆಯದಕ್ಕೆ ಖರ್ಚಿಲ್ಲ: ಜಾಗ ಬದಲಿಸುವುದು. ಇಳಿಜಾರಿನಲ್ಲಿರುವ ಮರದ ಸುತ್ತ ಒಮ್ಮೆ ನಡೆದು ನೋಡಿ. ಏಣಿಯ ಎರಡು ಕಾಲೂ ಒಂದೇ ಸಮಪಾತಳಿ ರೇಖೆಯ ಮೇಲೆ ನಿಲ್ಲುವ ತಾಣಗಳು ಎರಡಿವೆ. ಒಂದು ಮರದ ಮೇಲ್ಬದಿಗೆ, ಇನ್ನೊಂದು ಕೆಳಬದಿಗೆ. ಇವೆರಡರಲ್ಲಿ ಮೇಲ್ಬದಿಯೇ ಉತ್ತಮ. ಏಕೆಂದರೆ ಏಣಿಯ ಬುಡ ಯಾವಾಗಲೂ ಮರದಿಂದ ದೂರ ಜಾರಲು ನೋಡುತ್ತದೆ. ಕೆಳಬದಿಯಲ್ಲಿಟ್ಟರೆ ಇಳಿಜಾರು ಆ ಜಾರುವಿಕೆಗೆ ನೆರವಾಗುತ್ತದೆ. ಮೇಲ್ಬದಿಯಲ್ಲಿಟ್ಟರೆ ಬುಡ ಜಾರಬೇಕಾದರೆ ದಿಬ್ಬ ಹತ್ತಬೇಕು!

ಜಾಗ ಬದಲಿಸಲಾಗದಿದ್ದರೆ ನೆಲವನ್ನು ಸರಿಪಡಿಸಬೇಕು. ಸಾಮಾನ್ಯವಾಗಿ ಜನ ತಗ್ಗಿನ ಕಾಲಿನ ಕೆಳಗೆ ಕಲ್ಲೋ ಇಟ್ಟಿಗೆ ಚೂರೋ ಇಡುತ್ತಾರೆ. ಇದು ತಿರುಗುಮುರುಗು ಕ್ರಮ. ಕಲ್ಲು ಉರುಳುತ್ತದೆ, ಇಟ್ಟಿಗೆ ಒಡೆಯುತ್ತದೆ, ತುಂಬಿದ ಮಣ್ಣು ಕುಸಿಯುತ್ತದೆ. ಬದಲಿಗೆ ಎತ್ತರದ ಕಾಲಿನ ಕಡೆ ಗುದ್ದಲಿಯಿಂದ ಒಂದಿಷ್ಟು ಮಣ್ಣು ತೆಗೆಯಿರಿ. ಅಗೆದು ಸಿಕ್ಕ ನೆಲ ಗಟ್ಟಿಯಾಗಿರುತ್ತದೆ. ಮೇಲಾಗಿ ಆ ಗುಳಿ ಕಾಲನ್ನು ಹಿಡಿದುಕೊಳ್ಳುತ್ತದೆ.

ನೆಲ ಮೆತ್ತಗಿದ್ದರೆ ಹಲಗೆ ಬೇಕು. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು ಎಂದು ನೀವು ಕಲಿತಿದ್ದೀರಲ್ಲ? ಮನುಷ್ಯ ಮತ್ತು ಏಣಿ ಸೇರಿ 75 ಕಿಲೋ ಎಂದುಕೊಳ್ಳಿ. ಎರಡು ಕಾಲುಗಳು ನೆಲಕ್ಕೆ ತಾಗುವ ಜಾಗ ಒಟ್ಟು 50 ಚದರ ಸೆಂಟಿಮೀಟರ್. ಆಗ ಪ್ರತಿ ಚದರ ಸೆಂಟಿಮೀಟರಿಗೆ ಒಂದೂವರೆ ಕಿಲೋ ಭಾರ ಬೀಳುತ್ತದೆ. 50 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ದಪ್ಪ ಹಲಗೆಯನ್ನು ಎರಡೂ ಕಾಲಿನ ಕೆಳಗೆ ಹಾಸಿದರೆ ಭಾರ 1,500 ಚದರ ಸೆಂಟಿಮೀಟರಿಗೆ ಹಂಚಿಹೋಗಿ ಮೂವತ್ತರಲ್ಲಿ ಒಂದು ಪಾಲಾಗುತ್ತದೆ. ಏಣಿ ಹತ್ತಿದ ಮೇಲೆ ಒಂದು ಕಾಲು ಮೆಲ್ಲಗೆ ಹೂತುಹೋಗುವ ಭಯ ಇದರಿಂದ ತಪ್ಪುತ್ತದೆ. ಹಲಗೆಯ ಹಿಂಬದಿಗೆ ಒಂದು ಅಡ್ಡಪಟ್ಟಿ ಹೊಡೆದರೆ ಕಾಲು ಹಲಗೆಯ ಮೇಲಿಂದ ಜಾರುವುದಿಲ್ಲ. ಹಲಗೆಯೇ ಜಾರದಂತೆ ಅದರ ಹಿಂದೆ ಎರಡು ಗೂಟ ಬಡಿಯಬೇಕು.

ಕಾಲನ್ನೇ ಉದ್ದ ಮಾಡುವುದು ಮತ್ತೊಂದು ಉಪಾಯ. ಅಲ್ಯೂಮಿನಿಯಂ ಏಣಿಗಳಿಗೆ ಜೋಡಿಸುವ ಉದ್ದಗಾಲುಗಳು ಬಂದಿವೆ. ಒಂದು ಕೊಳವೆಯೊಳಗೆ ಇನ್ನೊಂದು ಜಾರುತ್ತದೆ. ಬೇಕಾದ ಉದ್ದಕ್ಕೆ ಎಳೆದು ಪಿನ್ನು ಹಾಕಿ ಬಿಗಿಮಾಡಬೇಕು. ಪಿನ್ನು ಪೂರ್ತಿ ಕೂತಿದೆಯೇ ಎಂದು ಕೈಯಿಂದ ಮುಟ್ಟಿ ನೋಡಬೇಕು. ಮರದ ತುಂಡನ್ನು ತಂತಿಯಿಂದ ಸುತ್ತಿ ಕಾಲಿಗೆ ಕಟ್ಟುವುದು ಇದಕ್ಕೆ ಬದಲಿಯಲ್ಲ.

ಮಟ್ಟವಾಯಿತೆಂದು ತಿಳಿಯುವುದು ಹೇಗೆ? ಗಾರೆ ಕೆಲಸದವರ ರಸಮಟ್ಟವಿದ್ದರೆ ಕೆಳಗಿನ ಮೆಟ್ಟಿಲ ಮೇಲಿಟ್ಟು ಗುಳ್ಳೆಯನ್ನು ನೋಡಿ. ಇಲ್ಲದಿದ್ದರೆ ದಾರವೂ ಒಂದು ಕಲ್ಲೂ ಸಾಕು. ಎದೆಯೆತ್ತರದ ಮೆಟ್ಟಿಲಿನ ನಟ್ಟನಡುವೆ ದಾರ ಕಟ್ಟಿ ಕಲ್ಲನ್ನು ಇಳಿಬಿಡಿ. ಎದುರಿನಿಂದ ನೋಡಿದಾಗ ದಾರ ಕೆಳಗಿನ ಮೆಟ್ಟಿಲುಗಳ ನಡುವನ್ನೇ ಹಾದುಹೋದರೆ ಏಣಿ ಮಟ್ಟವಾಗಿದೆ. ಎರಡು ಬೆರಳು ಆಚೀಚೆ ಆದರೂ ಹತ್ತಬೇಡಿ.

ಇನ್ನು ನಾಲ್ಕು ಕಾಲಿನ ಮಡಿಸುವ ಏಣಿ. ಗೋಡೆಯ ಆಸರೆಯಿಲ್ಲದೆ ನಿಲ್ಲುವುದು ಇದರ ಗುಣ. ಆದರೆ ಏರುಪೇರು ನೆಲದ ಮೇಲೆ ನಾಲ್ಕರಲ್ಲಿ ಮೂರು ಕಾಲು ಮಾತ್ರ ನೆಲಕ್ಕೂರಿ, ನಾಲ್ಕನೆಯದು ಗಾಳಿಯಲ್ಲಿರುತ್ತದೆ. ಹೋಟೆಲಿನ ಮೇಜು ಕುಟುಕುಟು ಎನ್ನುವುದನ್ನು ನೋಡಿದ್ದೀರಲ್ಲ? ಅದಕ್ಕೂ ಇದೇ ಕಾರಣ. ನೆಲದಲ್ಲಿ ಮೆಟ್ಟಿಲಿನಂಥ ಏರಿಳಿತವಿಲ್ಲದೆ ಹದವಾದ ಉಬ್ಬುತಗ್ಗು ಮಾತ್ರ ಇದ್ದರೆ, ಚೌಕಾಕಾರದ ಮೇಜನ್ನು ಇದ್ದಲ್ಲೇ ಕಾಲು ಸುತ್ತು ತಿರುಗಿಸುವಷ್ಟರಲ್ಲಿ ನಾಲ್ಕೂ ಕಾಲು ಊರುವ ಒಂದು ಸ್ಥಾನ ಸಿಗುತ್ತದೆಂದು ಗಣಿತಜ್ಞರು ತೋರಿಸಿದ್ದಾರೆ. ಚಹಾ ಕುಡಿಯುವ ಮೇಜಿಗೆ ಇಷ್ಟು ಸಾಕು. ಏಣಿಗೆ ಸಾಲದು. ಏಕೆಂದರೆ ಅಲುಗಾಡದಿರುವುದು ಬೇರೆ, ಮಟ್ಟವಾಗಿರುವುದು ಬೇರೆ. ನಾಲ್ಕೂ ಕಾಲು ಊರಿದ ಏಣಿ ಒಂದು ಕಡೆಗೆ ವಾಲಿಕೊಂಡೇ ನಿಂತಿರಬಹುದು.

ಕೊನೆಗೆ ಮೂರು ಕಾಲು. ಯಾವುದೇ ಮೂರು ಬಿಂದುಗಳ ಮೂಲಕ ಒಂದು ಸಮತಲ ಹಾದುಹೋಗಲೇಬೇಕು ಎಂಬುದು ರೇಖಾಗಣಿತ. ಅದರಿಂದಾಗಿ ಮೂರು ಕಾಲಿನ ಯಾವ ವಸ್ತುವೂ ಕುಟುಕುಟು ಎನ್ನುವುದಿಲ್ಲ. ಹೊರಾಂಗಣ ಚಿತ್ರೀಕರಣಕ್ಕೆ ಹೋಗುವ ನಮ್ಮಂಥವರಿಗೆ ಇದು ದಿನದ ಅನುಭವ. ಹೊಲದ ಬದುವಿರಲಿ, ಹೊಳೆಯ ದಂಡೆಯಿರಲಿ, ಕ್ಯಾಮರಾ ನಿಲ್ಲುವುದು ಮೂರು ಕಾಲಿನ ಮೇಲೆ. ಪ್ರತಿ ಕಾಲನ್ನೂ ಬೇರೆ ಬೇರೆಯಾಗಿ ಉದ್ದ ಮಾಡಬಹುದು. ತಲೆಯಲ್ಲಿರುವ ಗುಳ್ಳೆ ನಡುವಿಗೆ ಬಂದಾಗ ಮಟ್ಟ. ಇದೇ ತತ್ತ್ವದ ಏಣಿಗಳು ಅಮೆರಿಕದ ಹಣ್ಣಿನ ತೋಟಗಳಲ್ಲೂ ಜಪಾನಿನ ಉದ್ಯಾನಗಳಲ್ಲೂ ಬಳಕೆಯಲ್ಲಿವೆ. ಮುಂದೆ ಅಗಲವಾಗಿ ಹರಡಿದ ಎರಡು ಕಾಲು, ಹಿಂದೆ ಒಂದು ಊರುಗೋಲು. ಊರುಗೋಲನ್ನು ಪೊದೆಯ ನಡುವೆಯೂ ತೂರಿಸಬಹುದು. ಆದರೆ ತ್ರಿಕೋನದ ವಿಸ್ತಾರ ಚೌಕಕ್ಕಿಂತ ಕಡಿಮೆಯಾದ್ದರಿಂದ ಗುರುತ್ವ ಕೇಂದ್ರ ಬೇಗ ಅದರ ಹೊರಗೆ ಹೋಗುತ್ತದೆ. ಮೂರು ಕಾಲಿನ ಏಣಿ ಅಲುಗಾಡದು, ಉರುಳದು ಎಂದೇನಿಲ್ಲ. ಇಳಿಜಾರಿನಲ್ಲಿ ಮುಂದಿನ ಎರಡು ಕಾಲುಗಳನ್ನು ಸಮಪಾತಳಿಯಲ್ಲಿಟ್ಟು ಊರುಗೋಲನ್ನು ಇಳಿಜಾರಿನ ನೇರಕ್ಕೆ ಇಡಬೇಕು, ಅಡ್ಡಕ್ಕಲ್ಲ.

ಇನ್ನೊಂದು ಅಪಾಯವನ್ನು ಹೇಳದೆ ಮುಗಿಸುವಂತಿಲ್ಲ. ಹಗುರವೆಂದು ಅಲ್ಯೂಮಿನಿಯಂ ಏಣಿಗಳು ತೋಟಗಳಿಗೆ ಬಂದವು. ಅವು ಒಳ್ಳೆಯ ವಿದ್ಯುತ್ ವಾಹಕಗಳು ಕೂಡ. ಮರದಿಂದ ಮರಕ್ಕೆ ಸಾಗಿಸುವಾಗ ತುದಿ ತಂತಿಗೆ ತಗುಲಿ ಕಾರ್ಮಿಕರು ಸತ್ತ ಸುದ್ದಿ ಕೊಡಗಿನಿಂದ ಮತ್ತೆ ಮತ್ತೆ ಬಂದಿದೆ. ಮಟ್ಟ ನೋಡುವ ಮೊದಲು ತಲೆಯೆತ್ತಿ ತಂತಿ ನೋಡಬೇಕು. ತಂತಿ ಹಾದುಹೋಗುವ ಕಡೆ ಲೋಹದ ಏಣಿಯನ್ನು ಒಯ್ಯಲೇಬಾರದು. ಅನಿವಾರ್ಯವಾದರೆ ಮೊದಲು ಆ ಮಾರ್ಗದ ವಿದ್ಯುತ್ತನ್ನು ನಿಲ್ಲಿಸಬೇಕು. ಹಸಿ ಬಿದಿರು, ಮಳೆಯಲ್ಲಿ ನೆನೆದ ಬಿದಿರು ಕೂಡ ವಿದ್ಯುತ್ತನ್ನು ಹರಿಸುತ್ತವೆ.

ಮನೆಗಳಲ್ಲಿ ಏಣಿ ಹಿಡಿದುಕೊಳ್ಳುವ ಕೆಲಸ ಸಾಮಾನ್ಯವಾಗಿ ನಿಮ್ಮಂಥ ಹುಡುಗ ಹುಡುಗಿಯರ ಪಾಲಿಗೆ ಬರುತ್ತದೆ. ಹಿಡಿದುಕೊಂಡರೆ ಬೀಳುವುದಿಲ್ಲ ಎಂದು ದೊಡ್ಡವರು ನಂಬಿರುತ್ತಾರೆ. ಲೆಕ್ಕ ಹಾಕಿ. ಮೇಲಿರುವ 60 ಕಿಲೋ ಮನುಷ್ಯನ ಲಂಬರೇಖೆ ಕಾಲಿನಿಂದ 30 ಸೆಂಟಿಮೀಟರ್ ಆಚೆ ಹೋದರೆ, 120 ಸೆಂಟಿಮೀಟರ್ ಎತ್ತರದಲ್ಲಿ ಹಿಡಿದ ನೀವು 15 ಕಿಲೋ ಬಲದಿಂದ ಎಳೆಯಬೇಕು. ಒಂದು ಮೀಟರ್ ಆಚೆ ಹೋದರೆ 50 ಕಿಲೋ! ಅದು ನಿಮ್ಮ ಕೈಮೀರಿದ್ದು. ಬುಡ ಜಾರದಂತೆ ನೀವು ತಡೆಯಬಹುದು. ವಾಲಿದ ಏಣಿಯನ್ನು ನೆಟ್ಟಗೆ ನಿಲ್ಲಿಸಲಾರಿರಿ.

ಅದಕ್ಕಾಗಿ ಮುಂದಿನ ಬಾರಿ ಅಪ್ಪನೋ ಅಣ್ಣನೋ 'ಬಾ, ಏಣಿ ಹಿಡಿ' ಎಂದಾಗ ಕೂಡಲೇ ಹಿಡಿಯಬೇಡಿ. 'ಒಂದು ನಿಮಿಷ ಇರಿ' ಎನ್ನಿ. ಮೇಲೆ ತಂತಿ ಇದೆಯೇ ನೋಡಿ. ಎರಡೂ ಕಾಲು ಗಟ್ಟಿ ನೆಲದ ಮೇಲಿವೆಯೇ ನೋಡಿ. ದಾರ ಇಳಿಬಿಟ್ಟು ಮಟ್ಟ ನೋಡಿ. ತುದಿಯನ್ನು ಕಟ್ಟಲು ಹಗ್ಗ ಕೊಟ್ಟು ಕಳುಹಿಸಿ; ಅದನ್ನು ಬಿಗಿಯುವವರೆಗೆ ಬುಡವನ್ನು ಬಿಡಬೇಡಿ. ಹತ್ತುವವರ ಹೊಕ್ಕುಳು ಏಣಿಯ ಎರಡು ಕೋಲುಗಳ ನಡುವೆಯೇ ಇರಲಿ, ಕೈಗೆಟುಕದಿದ್ದರೆ ಇಳಿದು ಏಣಿಯನ್ನೇ ಸರಿಸಲಿ ಎಂದು ಹೇಳಿ. ಭಾರತೀಯ ಮಾನಕ ಬ್ಯೂರೋ ಏಣಿಗಳ ಸುರಕ್ಷತೆಗೆಂದೇ 1991ರಲ್ಲಿ ಐಎಸ್ 3696ರ ಎರಡನೆಯ ಭಾಗವನ್ನು ಪ್ರಕಟಿಸಿತು. ಅದನ್ನು ಓದಿದವರು ನಿಮ್ಮ ಮನೆಯಲ್ಲಿ ಇಲ್ಲದಿರಬಹುದು. ಲಂಬರೇಖೆ ಎಲ್ಲಿ ಬೀಳುತ್ತದೆಂದು ಬಲ್ಲ ಒಬ್ಬರಾದರೂ ಇರಲಿ, ಅದು ನೀವಾಗಿರಿ.